ಕೋದಂಡಪ್ಪನವರ ಬಳೆ

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಗಳ ಕಡೆ ನೀವು ಎಂದಾದರೂ ಸಂಜೆಯ ಹೊತ್ತು ಹೋದರೆ, ಎಪ್ಪತ್ತು ದಾಟಿದ ಗಂಡಸೊಬ್ಬರು ಊರುಗೋಲು ಹಿಡಿದು, ಎರಡು ಕೈಗೂ ಒಂದೊಂದು ಹಸಿರು ಗಾಜಿನ ಬಳೆ ತೊಟ್ಟು ನಿಧಾನವಾಗಿ ನಡೆದು ಬರುವುದನ್ನು ಕಾಣಬಹುದು. ನಗು ಬಂದರೆ ನಗಿ. ಅವರು ಬೇಸರ ಮಾಡಿಕೊಳ್ಳುವವರಲ್ಲ. ಬೇಕಿದ್ದರೆ ನಿಂತು, ಎರಡು ಮಣಿಕಟ್ಟುಗಳನ್ನೂ ಮೆಲ್ಲಗೆ ತಾಗಿಸಿ ಬಳೆಯ ಸದ್ದನ್ನೂ ಕೇಳಿಸುತ್ತಾರೆ.

ಅವರ ಹೆಸರು ಕೋದಂಡಪ್ಪ. ಬೀದಿಯ ಹಿರಿಯರಿಗೆ ಇವತ್ತಿಗೂ ‘ರಾಣಿ ಕೋದಂಡಪ್ಪ’. ನಾನು ಅಲ್ಲಿಯ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದ ಕಾಲದಿಂದ ಅವರನ್ನು ಬಲ್ಲೆ. ಬಳೆಯ ಸಂಗತಿ ಮಾತ್ರ ಹೋದ ವರ್ಷದ್ದು. ಅದನ್ನು ಹೇಳಬೇಕಾದರೆ ಮೊದಲು ಅವರ ರಾಣಿತನದ ವಿಷಯ ಹೇಳಬೇಕು.

ಕೋದಂಡಪ್ಪನವರ ಹುಟ್ಟೂರು ಬಂಗಾರಪೇಟೆಗೆ ಸಮೀಪದ ಒಂದು ಹಳ್ಳಿ. ತಂದೆ ಕುರಿ ಸಾಕಿದ್ದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಗಣಿಗೆ ಸೇರಿದ ಮೇಲೆ ತಮಿಳೂ ನಾಲಿಗೆಗೆ ಹತ್ತಿತು. ರಾಗಿಯ ಒಕ್ಕಣೆ ಮುಗಿದ ಮೇಲೆ ಆ ಕಡೆಯ ಹಳ್ಳಿಗಳಲ್ಲಿ ನಾಟಕ ಕಲಿಯುವ ರೂಢಿಯಿತ್ತು. ಹಾರ್ಮೋನಿಯಂ ಮೇಷ್ಟರೊಬ್ಬರು ಬಂದು ಕುಳಿತು, ಯಾರಿಗೆ ಯಾವ ಪಾತ್ರವೆಂದು ಗೊತ್ತುಮಾಡುತ್ತಿದ್ದರು. ದಪ್ಪ ಮೀಸೆಯವನು ರಾಜ, ದಪ್ಪ ಹೊಟ್ಟೆಯವನು ಮಂತ್ರಿ. ಹೆಣ್ಣುಮಕ್ಕಳು ಆಗ ರಂಗಕ್ಕೆ ಬರುತ್ತಿರಲಿಲ್ಲ. ಇನ್ನೂ ಮೀಸೆ ಮೂಡದ ಕೋದಂಡಪ್ಪನ ಸಣ್ಣ ದನಿಯನ್ನು ಕೇಳಿದ ಮೇಷ್ಟರು, “ರಾಣಿ ಸಿಕ್ಕಳು, ಇನ್ನು ಯಾರಾದ್ರೂ ರಾಜನ್ನ ಹುಡುಕ್ಕೊಳ್ಳಿ” ಎಂದರಂತೆ.

ಗಣಿಗೆ ಸೇರಿದರೂ ರಾಣಿತನ ಬಿಡಲಿಲ್ಲ. ನಾಟಕದ ಕಾಲ ಬಂತೆಂದರೆ ಮೀಸೆ ಬೋಳಿಸುತ್ತಿದ್ದರು. ಆ ಮುಖ ಹೊತ್ತುಕೊಂಡೇ ಶಿಫ್ಟಿಗೆ ಹೋಗಬೇಕು. ನೆಲದಾಳಕ್ಕೆ ಇಳಿಯುವ ಕೇಜಿನ ಬಾಗಿಲಲ್ಲಿ ಜೊತೆಯವರು ಸಾಲಾಗಿ ಬಗ್ಗಿ, “ಪಾತಾಳಕ್ಕೆ ದಯಮಾಡಿಸ್ಬೇಕು ಮಹಾರಾಣಿ” ಎಂದು ದಾರಿ ಬಿಡುತ್ತಿದ್ದರಂತೆ. ಇವರೂ ಬಿಡುತ್ತಿರಲಿಲ್ಲ, ಸೆರಗು ಎತ್ತಿದಂತೆ ಮಾಡಿ ಒಳಗೆ ಕಾಲಿಡುತ್ತಿದ್ದರು. ಕೆಳಗಿನ ಕಾವಿನಲ್ಲಿ, ಕಲ್ಲಿನ ದೂಳಿನಲ್ಲಿ ದಿನವಿಡೀ ಡ್ರಿಲ್ ಹಿಡಿದ ಕೈಗಳೇ ಹಳ್ಳಿಯ ರಂಗದಲ್ಲಿ ಬಳೆ ತೊಡಬೇಕಾಗಿತ್ತು. ಬಂಗಾರಪೇಟೆಯ ಬಳೆಗಾರನು ಆ ಕೈಗೆ ಸೋಪು ಹಚ್ಚಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸುವ ಬಗೆಯನ್ನು ಕಲಿಸಿಕೊಟ್ಟಿದ್ದನು.

ಮದುವೆಯಾದ ವರ್ಷವೇ ಅವರ ಹೆಂಡತಿ ಸರಸ್ವತಮ್ಮ ಗಂಡನ ನಾಟಕವನ್ನು ಮೊದಲ ಸಲ ನೋಡಿದರು. ಯುದ್ಧದಲ್ಲಿ ರಾಜ ಮಡಿದ ಸುದ್ದಿ ಬಂದಿತು. ರಾಣಿ ಒಂದು ಕಂದಪದ್ಯ ಹಾಡಿ ಎರಡು ಕೈಯ ಬಳೆಗಳನ್ನೂ ಕಂಬಕ್ಕೆ ಬಡಿದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೊಸ ಮದುವಣಗಿತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಬಣ್ಣ ತೊಳೆದುಕೊಂಡ ಮೇಲೆ ಗಂಡನ ಮಣಿಕಟ್ಟಿನಲ್ಲಿ ಗಾಜು ಗೀರಿದ ಗಾಯ ಕಂಡಿತು. ಅರಿಸಿನ ಹಚ್ಚುತ್ತ ಕೇಳಿದಳಂತೆ: “ಯಾಕ್ರೀ ಅಂಗೆ ಒಡ್ಕಂಡ್ರಿ? ನಿಧಾನಕ್ಕೆ ಒಡೀಬಾರ್ದಾ?”

“ಗಂಡ ಸತ್ತೋಗವ್ನೆ, ನಿಧಾನಕ್ಕೆ ಒಡೀತಾರೇನಮ್ಮೇ?” ಎಂದಿದ್ದರು ಕೋದಂಡಪ್ಪ.

ಕೆಲವು ವರ್ಷಗಳ ಮೇಲೆ ಪಟ್ಟಣದಿಂದ ನಟಿಯರನ್ನು ಕರೆಸುವ ರೂಢಿ ಬಂದು, ಅವರ ರಾಣಿತನ ಮುಗಿಯಿತು. ಒಂದು ಸಲ ರಾಜನ ಪಾತ್ರ ಕೊಟ್ಟು ನೋಡಿದರು. ಸಿಂಹಾಸನದ ಮೇಲೆ ಕುಳಿತು ಸೆರಗು ಸರಿಪಡಿಸಿಕೊಳ್ಳಲು ಹೋದುದರಿಂದ ಅದೂ ನಿಂತಿತು. ಆಮೇಲೆ ಗಣಿಯೇ ಮುಚ್ಚಿತು. ಎಲ್ಲರಂತೆ ಇವರೂ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಒಂದು ದೊಡ್ಡ ಕಟ್ಟಡದ ಗೇಟಿನಲ್ಲಿ ಕಾವಲು ಕುಳಿತು, ಸಂಜೆಯ ರೈಲಿಗೆ ಮರಳುತ್ತಿದ್ದರು. ಮಗಳ ಮದುವೆ ಮಾಡಿ ಮಾಲೂರಿಗೆ ಕಳುಹಿಸಿದರು. ಗಣಿಯ ದೂಳು ಎದೆಯಲ್ಲಿ ಕುಳಿತದ್ದು ಮಾತ್ರ ಏಳಲಿಲ್ಲ. ಈಚಿನ ವರ್ಷಗಳಲ್ಲಿ ಅವರು ಮನೆಯ ಜಗುಲಿ ಬಿಟ್ಟು ಹೆಚ್ಚು ದೂರ ಹೋಗುತ್ತಿರಲಿಲ್ಲ. ಎರಡು ಸಲ ಆಸ್ಪತ್ರೆಗೆ ಸೇರಿ ಬಂದರು. ಎರಡನೆಯ ಸಲ ಹಿಂದಕ್ಕೆ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ.

ಅಂದಿನಿಂದ ಸರಸ್ವತಮ್ಮನ ಭಕ್ತಿಯೆಲ್ಲ ಬಳೆಗೆ ಬಂದು ನಿಂತಿತು. ಹಳೆಯ ಬಳೆ ತೆಗೆಯುವ ಮೊದಲು ಹೊಸದೊಂದು ಕೈಯೊಳಗೆ ಹೋಗಿರಬೇಕು; ಕೈ ಒಂದು ಕ್ಷಣವೂ ಬರಿದಾಗಬಾರದು. ಪಾತ್ರೆ ತೊಳೆಯುವಾಗ ಒಂದು ಬಳೆ ಸೀಳುಬಿಟ್ಟರೂ ಅಂದು ಗಂಡನನ್ನು ಮನೆಯಿಂದ ಹೊರಕ್ಕೆ ಬಿಡುತ್ತಿರಲಿಲ್ಲ.

ಹೀಗಿರುವಾಗ ಊರಿಗೆ ಸಿನಿಮಾದವರು ಬಂದರು.

ಗಣಿಯ ಸಾಹೇಬರ ಕಾಲದ ಒಂದು ಬಂಗಲೆ ಚಾವಣಿ ಕುಸಿದು, ಕಿಟಕಿಯಲ್ಲಿ ಆಲದ ಬೇರು ಇಳಿದು ನಿಂತಿತ್ತು. ಅದರ ಹಿಂದೆ, ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ಸೈನೈಡ್ ದಿಬ್ಬಗಳು. ನಿರ್ದೇಶಕ ನಂದಕುಮಾರನಿಗೆ ಅದನ್ನು ಕಂಡೊಡನೆ ಅರಮನೆಯೆನಿಸಿತಂತೆ. ಕಥೆಯನ್ನು ಅವನೇ ಬೀದಿಯವರನ್ನು ಕೂರಿಸಿಕೊಂಡು ಹೇಳಿದನು. ಯುದ್ಧದಲ್ಲಿ ಸೋತ ರಾಜಮನೆತನವೊಂದು ಪಾಳುಬಿದ್ದ ಅರಮನೆಯಲ್ಲಿ ಅಡಗಿದೆ. ಹೊರಗೆ ಶತ್ರುಗಳು. ಅದಕ್ಕಿಂತ ಕಷ್ಟವೆಂದರೆ, ಇವರದೇ ಸೈನಿಕರು ಸತ್ತಿದ್ದಾರೆ, ಆದರೆ ಸತ್ತದ್ದು ಅವರಿಗೆ ತಿಳಿಯದು. ಹೊತ್ತು ಮುಳುಗಿದೊಡನೆ ಎದ್ದು ಬಂದು ಅರಮನೆಯ ಬಾಗಿಲು ಬಡಿಯುತ್ತಾರೆ. ರಾಜ ಹೊರಗೆ ಇನ್ನೂ ಕಾದುತ್ತಿದ್ದಾನೆ; ಮನೆಯಲ್ಲಿ ಉಳಿದಿರುವುದು ಒಬ್ಬ ಮುದಿ ರಾಣಿ ಮತ್ತು ಎಳೆಯ ಮೊಮ್ಮಗ. ಅವನನ್ನು ಉಳಿಸಿಕೊಳ್ಳಬೇಕಾದವಳು ಅವಳು.

ಸತ್ತ ಸೈನಿಕರ ವೇಷಕ್ಕೆ ಬೀದಿಯ ಗಂಡಸರನ್ನೇ ತೆಗೆದುಕೊಂಡರು. ಮುಖಕ್ಕೆ ಬೂದಿಬಣ್ಣ, ಹಣೆಯ ಮೇಲೆ ರಕ್ತ. ಮುದಿ ರಾಣಿಯ ಪಾತ್ರಕ್ಕೆ ಬೆಂಗಳೂರಿನಿಂದ ಬಂದಿದ್ದ ನಟಿ, ದಿಬ್ಬದ ದೂಳು ಒಗ್ಗದೆ, ಮೈಯೆಲ್ಲ ಗಂದೆಯೆದ್ದು, ಕಾರು ಹತ್ತಿ ಹಿಂದಿರುಗಿದರು. ಚಿತ್ರೀಕರಣ ನಿಂತಿತು. ಆ ಬಿಡುವಿನಲ್ಲಿ ಬೀದಿಗೆ ನೀರು ಬಂದಿತು. ನಲ್ಲಿಯ ಮುಂದೆ ಕೊಡಗಳ ಸಾಲು. ಸತ್ತ ಸೈನಿಕರ ಗುಂಪೊಂದು ಬಾಯಾರಿ ಬಂದು ನೇರವಾಗಿ ನಲ್ಲಿಗೇ ಕೈಯೊಡ್ಡಿತು.

ಸರಸ್ವತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತರು.

“ಏಯ್, ಯಾವೂರು ದೆವ್ವಗಳ್ಲಾ ನೀವು? ಸತ್ರೆ ಸಾಲು ಬ್ಯಾಡ್ವಾ? ಇಂದಕ್ಕೋಗಿ ನಿಂತ್ಕಳ್ಳಿ!”

“ಅಕ್ಕೋ, ಬಾಯಾರ್ಕೆ ಅಕ್ಕೋ...”

“ಸತ್ತೋನಿಗೆ ಎಂಥಾ ಬಾಯಾರ್ಕೆ? ಕತ್ತಿ ಕೆಳಗಿಡ್ಲಾ ಮೊದ್ಲು, ನನ್ ಕೊಡಕ್ಕೆ ತಾಗ್ತೈತೆ!”

ರಕ್ತ ಸುರಿಸಿಕೊಂಡಿದ್ದ ಪಡೆಯೆಲ್ಲ ಕತ್ತಿ ಕೆಳಗಿಟ್ಟು, ಕೊಡಗಳ ಹಿಂದೆ ಸಾಲಾಗಿ ನಿಂತಿತು. ಬಂಗಲೆಯ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕುಳಿತಿದ್ದ ನಂದಕುಮಾರ ಇದನ್ನು ನೋಡಿದನು. “ಸಿಕ್ಕರು ನಮ್ಮ ರಾಣಿ” ಎಂದು ಕೂಗಿಯೇಬಿಟ್ಟನು.

ಒಪ್ಪಿಸಲು ಬಂದವಳು ಚಂದನ ಎಂಬ ಸಹಾಯಕ ನಿರ್ದೇಶಕಿ, ಚುರುಕು ಹುಡುಗಿ. ಸರಸ್ವತಮ್ಮ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: “ರಾಣಿ ಮುತ್ತೈದೆ ತಾನೇ?”

“ರಾಜರು ಕೊನೇ ಸೀನ್‌ವರೆಗೂ ಇರ್ತಾರೆ ಅಜ್ಜಿ” ಎಂದಳು ಚಂದನ. ಹುಡುಗಿ ಸುಳ್ಳು ಹೇಳಲಿಲ್ಲ. ಅವಳ ಪಾಲಿಗೆ ಅದೊಂದು ಕಥೆಯ ಮಾತು, ಅಷ್ಟೆ.

ಆ ಸಂಜೆಯಿಂದ ಕೋದಂಡಪ್ಪನವರಿಗೆ ಹತ್ತು ವರ್ಷ ಕಡಿಮೆಯಾದಂತಾಯಿತು. ನಾನು ಹೋದಾಗ ಜಗುಲಿಯ ಮೇಲೆ ಹೆಂಡತಿಗೆ ಪಾಠ ನಡೆಯುತ್ತಿತ್ತು.

“ಅಂಗೆ ದೊಪ್ಪಂತ ಕೂರ್ತಾರೇನೆ? ರಾಣಿ ಕುರ್ಚಿ ತಿರುಗಿ ನೋಡಂಗಿಲ್ಲ. ಕುರ್ಚಿ ಇದ್ದೇ ಇರ್ತದೆ ಅನ್ನೋ ಧೈರ್ಯದಾಗೆ ಕೂರ್ಬೇಕು.”

“ಇಲ್ದಿದ್ರೆ?”

“ಇಲ್ದಿದ್ರೆ ಬಿದ್ದೋಗ್ಬೇಕು. ಆದ್ರೆ ರಾಣಿ ಬಿದ್ದಂಗೇ ಬೀಳ್ಬೇಕು. ಏನಂತೀರಾ ಮೇಷ್ಟ್ರೇ?”

“ಇವ್ರ ಮಾತು ಕೇಳಿದ್ರೆ ನನ್ ಸೊಂಟ ಮುರಿಯೋದೇಯ” ಎಂದರು ಸರಸ್ವತಮ್ಮ. ಆದರೂ ಇನ್ನೊಮ್ಮೆ, ತಿರುಗಿ ನೋಡದೆ, ಕುಳಿತರು.

ಕೋದಂಡಪ್ಪ ನನ್ನ ಕಡೆ ಬಗ್ಗಿ, ಹೆಂಡತಿಗೆ ಕೇಳದಂತೆ ಹೇಳಿದರು: “ನನ್ ರಾಣಿತನಾನ ಊರೆಲ್ಲ ನೋಡ್ತು ಮೇಷ್ಟ್ರೇ. ಇವ್ಳನ್ನ ಯಾರೂ ನೋಡ್ಲಿಲ್ಲ. ಪಡದೆ ಮ್ಯಾಲೆ ಒಂದ್ಸಲ ನೋಡ್ಕಂಡು ಓಗ್ಬೇಕು.”

ಚಿತ್ರೀಕರಣ ಚೆನ್ನಾಗಿಯೇ ಸಾಗಿತು. ಸರಸ್ವತಮ್ಮ ಕಪ್ಪು ಜರಿಸೀರೆ ಉಟ್ಟು, ಕಿರೀಟ ತೊಟ್ಟು, ಮೊಮ್ಮಗನ ವೇಷದ ಮಗುವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಬಾಗಿಲಾಚೆಯ ಸತ್ತವರನ್ನು ಗದರಿಸಿದರು. ಕಿಟಕಿಯಲ್ಲಿ ತೂರಿಬರುವ ಬೂದಿಗೈಗಳನ್ನು ಸೌದೆಯಿಂದ ಬಡಿದರು; ಒಂದೆರಡು ಏಟು ನಿಜವಾಗಿಯೂ ಬಿದ್ದವು.

ಆಮೇಲೆ ರಾಜನ ಹೆಣವನ್ನು ತರುವ ದಿನ ಬಂದಿತು.

ಚಂದನ ಸನ್ನಿವೇಶವನ್ನು ವಿವರಿಸಿದಳು. ರಾಜ ಯುದ್ಧದಲ್ಲಿ ಸಾಯುತ್ತಾನೆ. ಹೆಣವನ್ನು ಹೊಸ್ತಿಲ ಮೇಲೆ ಮಲಗಿಸುತ್ತಾರೆ. ರಾಣಿ ತನ್ನ ಕೈಬಳೆಗಳನ್ನು ಹೊಸ್ತಿಲಿಗೆ ಬಡಿದು ಒಡೆಯುತ್ತಾಳೆ. ಆ ಸದ್ದಿಗೆ ಸತ್ತ ರಾಜ ಕಣ್ಣು ತೆರೆಯುತ್ತಾನೆ. ಅಲ್ಲಿಂದ ಮುಂದೆ ಅವನು ದೆವ್ವವಾಗಿ, ಕೊನೆಯವರೆಗೂ ಇರುತ್ತಾನೆ.

ಸರಸ್ವತಮ್ಮ ಕಿರೀಟ ತೆಗೆದು ಪಕ್ಕಕ್ಕಿಟ್ಟರು.

“ನಾ ಮಾಡಲ್ಲ.”

ಅಲ್ಲಿ ಸೇರಿದ್ದ ಬೀದಿಯವರ ನಡುವೆ ಚರ್ಚೆಯೇ ಎದ್ದಿತು. ಸತ್ತ ಸೈನಿಕನ ವೇಷದಲ್ಲಿದ್ದ ಗೋಪಿ, “ಗಂಡ ದೆವ್ವ ಆದ್ರೂ ಮನೇಗೆ ಬತ್ತಾವ್ನಲ್ಲಕ್ಕಾ, ಅವಳೆಂಗೆ ಮುಂಡೆ ಆಗ್ತಾಳೆ? ಮುತ್ತೈದೇನೇ” ಎಂದನು.

ಪಕ್ಕದ ಮನೆಯ ತಾಯಮ್ಮ, ಗಂಡನನ್ನು ಗಣಿಯಲ್ಲಿ ಕಳೆದುಕೊಂಡವರು, ಅವನ ಕಡೆ ನೋಡಿ, “ನಿನ್ ಎಂಡ್ತಿ ನೀನು ಬದುಕಿದ್ದಾಗ್ಲೇ ಮನೇಗೆ ಸೇರ್ಸಲ್ಲ, ದೆವ್ವ ಆದ್ಮೇಲೆ ಸೇರಿಸ್ತಾಳಾ?” ಎಂದರು. ನಕ್ಕರೆಲ್ಲ. ಸರಸ್ವತಮ್ಮ ನಗಲಿಲ್ಲ.

ನಂದಕುಮಾರ ಕೈಮುಗಿದನು. “ಅಮ್ಮಾ, ಈ ಸೀನ್ ಇಲ್ಲದಿದ್ದರೆ ಕಥೆಯೇ ಇಲ್ಲ. ನಿಮ್ಮನ್ನು ಬಿಟ್ಟು ಬೇರೆಯವರನ್ನು ಹಾಕಬೇಕಾದರೆ ಇಲ್ಲಿಯವರೆಗೆ ತೆಗೆದದ್ದನ್ನೆಲ್ಲ ಬಿಡಬೇಕು. ಗಾಜಿನ ಬಳೆ ಬೇಡ, ಪ್ಲಾಸ್ಟಿಕ್ ಬಳೆ ತರಿಸುತ್ತೇನೆ. ಸದ್ದು ಆಮೇಲೆ ಸೇರಿಸಿಕೊಳ್ಳುತ್ತೇವೆ.”

“ಬಳೆ ಸುಳ್ಳಾದ್ರೂ ಕೈ ನಂದೇ ಅಲ್ವೇನಪ್ಪ? ಅಲ್ನೋಡು, ನಮ್ ಯಜಮಾನ್ರು ಒಂದೊಂದು ಉಸಿರೂ ಲೆಕ್ಕ ಆಕ್ಕಂಡು ಎಳೀತಾವ್ರೆ. ನೀನು ಬೇರೆಯವ್ರನ್ನೇ ಆಕ್ಕೋ. ನಂಗೆ ಬೇಜಾರಿಲ್ಲ.”

ಬೇಸರವಿಲ್ಲವೆಂದವರ ಕಣ್ಣು ಕಿರೀಟದ ಮೇಲೆಯೇ ಇತ್ತು.

ಚಂದನಳಿಗೆ ಒಂದು ಉಪಾಯ ಹೊಳೆಯಿತು. ಮುಖ ಸರಸ್ವತಮ್ಮನದೇ ಇರಲಿ. ಕೈಗಳನ್ನು ಮಾತ್ರ ಹತ್ತಿರದಿಂದ, ಬೇರೆಯಾಗಿ ತೆಗೆದರೆ? ಅವಳು ಏನೂ ತಿಳಿಯದೆ ತಾಯಮ್ಮನ ಕಡೆ ತಿರುಗಿದಳು. “ಅಜ್ಜಿ, ನಿಮ್ಮ ಕೈ...”

“ನಾನು ಒಂದ್ಸಲ ಒಡ್ಕಂಡಿದ್ದೀನಿ ಕಣಮ್ಮ” ಎಂದರು ತಾಯಮ್ಮ, ಮೆಲ್ಲಗೆ. “ಸಾಕು.”

ಚಂದನ ತಲೆ ತಗ್ಗಿಸಿ ತಾಯಮ್ಮನ ಪಕ್ಕದಲ್ಲಿ ಹೋಗಿ ಕುಳಿತಳು. ಆಗ ಹಿಂದಿನಿಂದ ಕೆಮ್ಮು ಕೇಳಿಸಿತು. ನನ್ನ ಜೊತೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಕೋದಂಡಪ್ಪ ಊರುಗೋಲು ಊರಿ ಎದ್ದರು.

“ಸಾರ್, ನನ್ ಕೈ ಆಗ್ತದಾ ನೋಡಿ.”

ನಂದಕುಮಾರನಿಗೆ ಅರ್ಥವಾಗಲಿಲ್ಲ. “ನೀವಾ? ರಾಣಿಯ ಕೈಗಾ?”

“ಊಂ ಸಾರ್. ನಾನು ಒಡುದ್ರೆ ಯಾರ್ಗೂ ಏನೂ ಆಗಲ್ಲ. ನಂಗೇನು ಗಂಡ ಅವ್ನಾ, ಸಾಯಕ್ಕೆ?”

ಮೊದಲು ನಕ್ಕವರು ತಾಯಮ್ಮ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಸರಸ್ವತಮ್ಮ ಮಾತ್ರ, “ಸುಮ್ನೆ ಕೂತ್ಕಳ್ರೀ, ಮಾತಾಡುದ್ರೇ ಕೆಮ್ಮು ಬತ್ತೈತೆ” ಎಂದು ಗದರಿಸಿದರು.

ಕೋದಂಡಪ್ಪ ಕೈಗಳನ್ನು ಚಾಚಿದರು. ಗಂಟುಗಂಟು ಬೆರಳು, ಕಲ್ಲು ಕಚ್ಚಿದ ಹಳೆಯ ಕಲೆಗಳು, ತುದಿ ಹೋದ ಒಂದು ಉಗುರು. ನಂದಕುಮಾರ ಆ ಕೈಗಳನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತನು. ಬಾಗಿಲಿಗೆ ಬೆನ್ನು ಕೊಟ್ಟು ಸತ್ತವರ ಪಡೆಯನ್ನು ತಡೆದ ರಾಣಿಗೆ ಎಂಥ ಕೈ ಇರಬೇಕೆಂದು ಅವನಿಗೂ ಹೊಳೆದಿರಬೇಕು. “ಇವೇ ಕೈ” ಎಂದನು.

ಸರಸ್ವತಮ್ಮ ಗಂಡನ ಮುಂದೆ ಬಂದು, ಮಕ್ಕಳನ್ನು ಕೇಳುವಂತೆ ಕೇಳಿದರು: “ನಿಮ್ಗೇನೂ ಆಗಲ್ಲ ತಾನೇ?”

“ವರ್ಷಾ ವರ್ಷಾ ಒಡೀತಿದ್ನಲ್ಲೇ. ಆಗ ಸತ್ನಾ?”

“ನನ್ ಬಳೆ ಕೊಡಲ್ಲ. ಅವ್ರುದೇ ಆಕ್ಕಳ್ಳಿ.”

“ಸರಿ.”

“ನಾ ಕಣ್ಣಾರೆ ನೋಡಲ್ಲ.”

“ನೋಡ್ಬ್ಯಾಡ. ಆಕಡೆ ತಿರುಗ್ಕಂಡು ರಾಣಿ ಅಂಗೆ ನಿಂತಿರು.”

ವೇಷಭೂಷಣದವರ ಬಳಿ ಇದ್ದ ಗಾಜಿನ ಬಳೆಗಳು ಹೆಂಗಸರ ಅಳತೆಯವು. ಕೋದಂಡಪ್ಪ ಸೋಪು ಕೇಳಿ ತರಿಸಿಕೊಂಡರು. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಕಣ್ಣು ಮುಚ್ಚಿ, ಒಂದೊಂದಾಗಿ ಬಳೆಗಳನ್ನು ಏರಿಸಿಕೊಂಡರು. ಹಳೆಯ ಪಾಠವನ್ನು ಕೈಗಳು ಮರೆತಿರಲಿಲ್ಲ. ಕೈಗಳೂ ಬಳೆಗಳೂ ಮಾತ್ರ ಕಾಣುವಂತೆ, ರಾಣಿಯದಂಥದೇ ಇನ್ನೊಂದು ಕಪ್ಪು ಸೀರೆಯ ಸೆರಗನ್ನು ತೋಳುಗಳ ಮೇಲೆ ಇಳಿಬಿಟ್ಟರು.

ಆ ಸನ್ನಿವೇಶಕ್ಕೆ ಅರಮನೆಯ ತುಂಬ ಹೊಗೆ ಬಿಡಬೇಕಾಗಿತ್ತು. ಸರಸ್ವತಮ್ಮ ಹೊಗೆಯ ಯಂತ್ರದ ಮುಂದೆ ಅಡ್ಡ ನಿಂತರು. “ಇದು ಬಿಟ್ರೆ ಅವ್ರಿಗೆ ಉಸಿರು ಇರಲ್ಲ” ಎಂದರು. ನಂದಕುಮಾರ ಯಂತ್ರವನ್ನು ಹೊರಗೆ ಕಳುಹಿಸಿದನು. ಕಿಟಕಿಯಿಂದ ದಿಬ್ಬದ ಕಡೆಯ ಸಂಜೆಬೆಳಕು ಬೂದುಬೂದಾಗಿ ಒಳಗೆ ಬರುತ್ತಿತ್ತು, ಅದೇ ಸಾಕಾಯಿತು.

ಒಂದು ಕ್ಯಾಮೆರಾ ಕೈಗಳ ಮೇಲೆ, ಇನ್ನೊಂದು ಆಚೆ ತಿರುಗಿ ನಿಂತ ಸರಸ್ವತಮ್ಮನ ಮುಖದ ಮೇಲೆ. ನಮಗೆಲ್ಲ ಒಂದೇ ಭಯ: ಮುದುಕರಿಗೆ ನಡುವೆ ಕೆಮ್ಮು ಬಂದರೆ? ಸದ್ದಡಗಿತು. ಕೋದಂಡಪ್ಪ ಹೊಸ್ತಿಲ ಬಳಿ ಮಂಡಿಯೂರಿದರು. ತುಟಿ ಅಲುಗುತ್ತಿತ್ತು, ಹಳೆಯ ಕಂದಪದ್ಯವನ್ನು ದನಿಯಿಲ್ಲದೆ ಹೇಳಿಕೊಳ್ಳುತ್ತಿದ್ದರೆಂದು ನನಗೆ ತೋರಿತು. ಪದ್ಯ ಮುಗಿಯಿತು. ಎರಡು ಕೈಗಳೂ ಎದ್ದು, ಒಟ್ಟಿಗೆ ಕಲ್ಲಿನ ಮೇಲೆ ಇಳಿದವು.

ಗಾಜು ಚೆಲ್ಲಿದ ಸದ್ದಿಗೆ ಸರಸ್ವತಮ್ಮನ ಮುಖ ಒಮ್ಮೆ ಕಿವುಚಿಕೊಂಡಿತು. ಕಣ್ಣು ಮುಚ್ಚಿದರು. ತಮ್ಮ ಎರಡು ಕೈಗಳನ್ನೂ ಎದೆಗೆ ಒತ್ತಿ, ಬಳೆಗಳನ್ನು ಬೆರಳುಗಳಿಂದ ಮುಚ್ಚಿಕೊಂಡರು. ಯಾರೂ ಹೇಳಿಕೊಟ್ಟದ್ದಲ್ಲ. ಚಂದನ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು. ಸತ್ತು ಮಲಗಿದ್ದ ರಾಜ ಕಣ್ಣು ತೆರೆಯುವುದನ್ನು ಮರೆತನು.

“ಕಟ್” ಎಂದದ್ದೇ ತಡ, ಅಷ್ಟು ಹೊತ್ತು ಹಿಡಿದಿಟ್ಟ ಕೆಮ್ಮೆಲ್ಲ ಕೋದಂಡಪ್ಪನವರಿಂದ ಒಟ್ಟಿಗೆ ಹೊರಬಂದಿತು. ರಾಣಿ ಓಡಿದರು. ಕಿರೀಟ ಜಾರಿ ಉರುಳಿದ್ದನ್ನೂ ನೋಡದೆ ಗಂಡನ ಬೆನ್ನು ನೀವಿದರು, ಬಿಸಿನೀರು ಕುಡಿಸಿದರು. ಸತ್ತ ಸೈನಿಕರೆಲ್ಲ ಸುತ್ತ ನಿಂತು ಸೀರೆಯ ಸೆರಗಿನಿಂದ, ತಟ್ಟೆಯಿಂದ, ಗುರಾಣಿಯಿಂದ ಗಾಳಿ ಬೀಸಿದರು. ಕೆಮ್ಮು ಇಳಿಯಲು ಬಹಳ ಹೊತ್ತು ಹಿಡಿಯಿತು. ಇಳಿಯಿತು.

ಅವರ ಮಣಿಕಟ್ಟಿನಲ್ಲಿ ಒಂದೆರಡು ಗೀರುಗಳು. ತಾಯಮ್ಮ ಮನೆಯಿಂದ ಅರಿಸಿನ ತಂದರು. ಹಚ್ಚುತ್ತ ಸರಸ್ವತಮ್ಮ, “ನಿಧಾನಕ್ಕೆ ಒಡೀಬಾರ್ದಾಗಿತ್ತಾ?” ಎಂದರು.

ಕೋದಂಡಪ್ಪ ಏದುಸಿರಿನ ನಡುವೆಯೇ ನಕ್ಕರು.

ಅರಿಸಿನ ಹಚ್ಚಿ ಮುಗಿದ ಮೇಲೂ ಸರಸ್ವತಮ್ಮ ಆ ಕೈಗಳನ್ನು ಬಿಡಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದರು. ಬಳೆ ಒಡೆದ ಕೈಗಳು ಬರಿದಾಗಿದ್ದವು.

“ಈ ಕೈಯಾಗೆ ಮನೇಗೆ ಬರ್ಬ್ಯಾಡಿ” ಎಂದರು.

“ಗಂಡಸ್ರ ಕೈ ಕಣೇ ಇದು.”

“ಯಾರದಾದ್ರೂ ಆಗ್ಲಿ. ಬಳೆ ಒಡೆದ ಕೈ. ಬರಿಗೈಯಾಗೆ ನಮ್ಮನೆ ಒಸ್ಲು ದಾಟಂಗಿಲ್ಲ.”

ತಮ್ಮ ಬಲಗೈಯಿಂದ ಒಂದು ಹಸಿರು ಬಳೆ, ಎಡಗೈಯಿಂದ ಒಂದು ಹಸಿರು ಬಳೆ, ಮೆಲ್ಲಗೆ ಜಾರಿಸಿ ತೆಗೆದರು. ಉಳಿದ ಬಳೆಗಳು ಅವರ ಕೈಯಲ್ಲೇ ಇದ್ದವು. ಗಂಡನ ಕೈಗಳಿಗೆ ಮತ್ತೆ ಸೋಪು ಸವರಿ, ಹೆಬ್ಬೆರಳು ಮಡಿಸಿ, ಒಂದೊಂದಾಗಿ ಏರಿಸಿದರು. ಹೆಂಡತಿಯ ಬಳೆ ಅಳತೆಯಲ್ಲಿ ಚಿಕ್ಕದು. ಗಂಟು ದಾಟುವಾಗ ಕೋದಂಡಪ್ಪ ಹಲ್ಲು ಕಚ್ಚಿದರು.

“ನಿಧಾನಕ್ಕೆ ಕಣೇ, ನೋವಾಗ್ತೈತೆ...”

“ಆಗ್ಲಿ. ಬಳೆ ಸುಲಭಕ್ಕೆ ತೆಗ್ಯಕ್ಕಾಗ್ದಂಗೆ ಕೂತ್ಕಳ್ಲಿ.”

ಅಂತೆಯೇ ಆಯಿತು. ಆ ಬಳೆಗಳು ಏರಿದವೇ ಹೊರತು ಇಳಿಯಲಿಲ್ಲ. ಚಿತ್ರ ಇನ್ನೂ ತೆರೆಗೆ ಬಂದಿಲ್ಲ. ಬರುತ್ತದೆಂದು ಚಂದನ ಆಗಾಗ ಫೋನು ಮಾಡುತ್ತಾಳೆ. ಬಂದ ದಿನ ನಾವೆಲ್ಲ ಬಂಗಾರಪೇಟೆಯ ಚಿತ್ರಮಂದಿರಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ಕೋದಂಡಪ್ಪನವರು ಹೆಂಡತಿಯನ್ನು ಪಡದೆಯ ಮೇಲೆ ನೋಡುವವರೆಗೆ ಎಲ್ಲಿಗೂ ಹೋಗುವುದಿಲ್ಲವಂತೆ.

ಮೊನ್ನೆ ಹೋದಾಗ ಬೀದಿಯಲ್ಲಿ ಸಿಕ್ಕರು. ಗೋಪಿ ಎದುರಿಗೆ ಬಂದು ಬಗ್ಗಿ, “ಮಹಾರಾಣಿಯವ್ರೇ, ಬಳೆ ಯಾವಾಗ ಬಿಚ್ತೀರಿ?” ಎಂದು ಛೇಡಿಸಿದನು.

“ನಾನೆಂಗ್ಲಾ ಬಿಚ್ಲಿ?” ಎಂದರು ಕೋದಂಡಪ್ಪ, ಮಣಿಕಟ್ಟು ತಾಗಿಸಿ ಸದ್ದು ಮಾಡುತ್ತ. “ನಮ್ಮನೆ ರಾಜ್ರು ಇನ್ನೂ ಗಟ್ಟಿಯಾಗವ್ರೆ. ನೀರು ಇಡ್ಕಂಡು ಬರಕ್ಕೆ ನಲ್ಲಿಗೋಗವ್ರೆ, ನೋಡು.”

ನಲ್ಲಿಯ ಕಡೆಯಿಂದ ಸರಸ್ವತಮ್ಮ ಯಾರನ್ನೋ ಸಾಲಿನಲ್ಲಿ ನಿಲ್ಲುವಂತೆ ಗದರಿಸುತ್ತಿರುವುದು ಕೇಳಿಸಿತು.